ಬಲಗಡೆ ಮೇಲ್ಮೂಲೆಯ ಹಕ್ಕಿ

ನಮ್ಮ ಮಾಮಾ ಜೀವಮಾನವಿಡೀ ಟಿ.ವಿ. ನೋಡಿದ್ದಾರೆ, ಆದರೆ ಟಿ.ವಿ.ಯಲ್ಲಿ ಬರುವ ಏನನ್ನೂ ನೋಡಿಲ್ಲ! ನೀವು ನಂಬದಿದ್ದರೆ ನಿಮ್ಮ ತಪ್ಪಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಮಾಮಿಯೂ ನಂಬಿರಲಿಲ್ಲ. ಗಂಡ ಟಿ.ವಿ.ಯ ಮುಂದೆ ಅಲ್ಲಾಡದೆ ಕೂತಿದ್ದಾನೆ, ಕಣ್ಣು ಮಿಟುಕಿಸುತ್ತಿಲ್ಲ; ಆದರೆ ಈಗ ತಾನೆ ಹಾಡು ಬಂತೋ ಹೊಡೆದಾಟ ಬಂತೋ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಯಾವ ಹೆಂಡತಿ ತಾನೆ ಗಾಬರಿಯಾಗುವುದಿಲ್ಲ? ಆಕೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಪರೀಕ್ಷಿಸಿ, ಇಂಥ ಕಣ್ಣು ವಿಮಾನ ಹಾರಿಸುವವರಿಗೂ ಇರುವುದಿಲ್ಲ ಎಂದು ಕಳಿಸಿಕೊಟ್ಟರು.

ಸಂಗತಿ ಇಷ್ಟೇ. ಪರದೆಯ ಮೇಲ್ಮೂಲೆಯಲ್ಲಿ ಚಾನೆಲ್ಲಿನ ಗುರುತು ಇರುತ್ತದಲ್ಲ, ಲೋಗೊ, ಮಾಮಾ ನೋಡುವುದು ಅದನ್ನು ಮಾತ್ರ. ಅವರು ಅದಕ್ಕೆ ಲೋಗೊ ಅನ್ನುವುದಿಲ್ಲ, ‘ಶಿಕ್ಕಾ’ ಅನ್ನುತ್ತಾರೆ. ಉಳಿದ ಪರದೆಯಲ್ಲಿ ಪ್ರಳಯವೇ ಆಗಲಿ, ಶಿಕ್ಕಾ ತನ್ನ ಜಾಗದಲ್ಲಿ ನೆಟ್ಟಗೆ ಕೂತಿದ್ದರೆ ಮಾಮಾರ ಪಾಲಿಗೆ ಜಗತ್ತು ಕ್ಷೇಮ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದಿಂದ ಪುಣೆಗೆ ಬಂದು, ಪಂಪು ಮಾಡುವ ಕಾರಖಾನೆಯೊಂದರ ಆಫೀಸಿನಲ್ಲಿ ದುಡಿದು, ಕೋಥರೂಡದ ಹೌಸಿಂಗ್ ಸೊಸೈಟಿಯಲ್ಲಿ ಮನೆ ಮಾಡಿದವರು. ನಾನು ಇರುವುದು ಅದೇ ರಸ್ತೆಯ ಆಚೆ ಬದಿಗೆ. ಮಗರಪಟ್ಟಾದ ಆಫೀಸಿನಿಂದ ಬಸ್ಸಿನಲ್ಲಿ ಜೀವ ಹಣ್ಣಾಗಿ ಬಂದವಳಿಗೆ ಮಾಮಿಯ ಚಹಾ, ಮಾಮಾರ ಶಿಕ್ಕಾ ಎರಡೂ ಬೇಕೇ ಬೇಕು.

ಒಮ್ಮೆ ಕ್ರಿಕೆಟ್ ಪಂದ್ಯದ ಕೊನೆಯ ಓವರು. ಸೊಸೈಟಿಯ ಅರ್ಧ ಜನ ಮಾಮಾರ ಮನೆಯಲ್ಲೇ. ಉಸಿರಾಡಿದರೆ ವಿಕೆಟ್ ಬೀಳುತ್ತದೆಂಬಂತೆ ಎಲ್ಲರೂ ಉಸಿರು ಹಿಡಿದಿದ್ದಾರೆ. ಅಷ್ಟರಲ್ಲಿ ಮಾಮಾ ಕುರ್ಚಿಯಿಂದ ಎದ್ದು ಕೂಗಿದರು.

“ಹೋತು! ಹೋತಪಾ ಹೋತು!”

ಪಕ್ಕದ ಮನೆಯ ಜೋಶಿಯವರು ಎದೆ ಹಿಡಿದುಕೊಂಡರು. ಯಾರೋ “ಗೇಲಾ ಕಾ?”, ಔಟಾದನೇ, ಎಂದು ಮರಾಠಿಯಲ್ಲಿ ಚೀರಿದರು. ಮಾಮಿ ಅಡಿಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದರು. ಹೋದದ್ದು ಏನು? ಜಾಹೀರಾತು ಮುಗಿದ ಮೇಲೆ ಚಾನೆಲ್ಲಿನವರು ಶಿಕ್ಕಾ ಹಾಕಲು ಮರೆತಿದ್ದರು! ಗೆದ್ದ ಹೊಡೆತವನ್ನು ಆ ದಿನ ನಮ್ಮಲ್ಲಿ ಯಾರೂ ನೋಡಲಿಲ್ಲ. ಎಲ್ಲರೂ ಮಾಮಾರನ್ನು ನೋಡುತ್ತಿದ್ದರು.

“ಈ ಹುಚ್ಚು ನಿಮಗ ಹೆಂಗ ಹತ್ತೇತ್ರಿ ಮಾಮಾ?” ಎಂದು ನಾನು ಕೇಳಿದ್ದುಂಟು. ಅವರು ನಾಚಿಕೆಯಿಲ್ಲದೆ ಹೇಳಿದರು. ಪುಣೆಗೆ ಬಂದ ಹೊಸತರಲ್ಲಿ ಅವರದು ಹತ್ತಾರು ಬಿಡಾರಗಳಿದ್ದ ಒಂದು ವಾಡೆಯಲ್ಲಿ ಒಂದೇ ಕೋಣೆಯ ಬಾಡಿಗೆ ಖೋಲಿ. ಮರಾಠಿ ಬರುತ್ತಿರಲಿಲ್ಲ, ಗುರುತಿನವರಿರಲಿಲ್ಲ. ಸಂಜೆ ಮಾಲೀಕರ ಮನೆಯ ಬಾಗಿಲಲ್ಲಿ ಟಿ.ವಿ. ನೋಡಲು ನಿಲ್ಲುತ್ತಿದ್ದರಂತೆ. ಒಳಗೆ ವಾಡೆಯ ಜನವೆಲ್ಲ ಗೋಡೆ ಕಟ್ಟಿದಂತೆ ಕೂತಿರುತ್ತಿದ್ದರು, ಅವರ ಹಿಂದೆ ಇನ್ನಷ್ಟು ಜನ ನಿಂತಿರುತ್ತಿದ್ದರು. ಆ ತಲೆಗಳ ಮೇಲಿಂದ ಮಾಮಾರಿಗೆ ಕಾಣುತ್ತಿದ್ದದ್ದು ಮೇಲ್ಮೂಲೆಯೊಂದೇ.

“ಉಳಿದ ಟಿ.ವಿ. ಎಲ್ಲಾ ಮಂದೀದು, ಮೂಲಿ ಒಂದು ನಂದು” ಎಂದು ಮಾಮಾ ನಕ್ಕರು. “ಆಮ್ಯಾಲೆ ನನ್ನ ಸ್ವಂತ ಟಿ.ವಿ. ಬಂತು ಖರೆ. ಅಷ್ಟೊತ್ತಿಗೆ ಬ್ಯಾರೆ ಕಡೆ ನೋಡೋ ಅಭ್ಯಾಸನ ತಪ್ಪಿತ್ತು.”

“ಟಿ.ವಿ. ಒಂದ ಏನು?” ಮಾಮಿ ಒಳಗಿನಿಂದ ದನಿ ಸೇರಿಸಿದರು. “ನನ್ನ ನೋಡ್ಲಿಕ್ಕೆ ಬಂದಾಗನೂ ಹಂಗ. ನಾ ಉಪ್ಪಿಟ್ಟಿನ ಪ್ಲೇಟ್ ಹಿಡ್ಕೊಂಡು ಎದುರಿಗೆ ನಿಂತೀನಿ, ಇವರು ನನ್ನ ತಲಿ ಮ್ಯಾಲೆ ಬಲಗಡೆ ಮೂಲಿ ನೋಡ್ಲಿಕ್ಕತ್ತಾರ. ಅಲ್ಲಿ ಹಲ್ಲಿ ಇತ್ತು. ಹುಡುಗಿ ಹೆಂಗ ಅಂತ ಕೇಳಿದ್ರ ‘ಅಡ್ಡಿ ಇಲ್ಲ’ ಅಂದ್ರಂತ. ನನಗ ಅಂದ್ರೋ, ಹಲ್ಲಿಗೆ ಅಂದ್ರೋ, ಇವತ್ತಿಗೂ ನನಗ ಗೊತ್ತಿಲ್ಲ!”

ಇಷ್ಟಕ್ಕೇ ಮುಗಿದಿದ್ದರೆ ಮಾಮಾ ಸಾಧಾರಣ ಹುಚ್ಚರಾಗಿ ಉಳಿಯುತ್ತಿದ್ದರು. ಅವರನ್ನು ಅಸಾಧಾರಣ ಮಾಡಿದ್ದು ಗಚ್ಚಿಯ ಮೇಲಿನ ದೊಡ್ಡ ಛತ್ರಿ. ಮನೆಮನೆಗೆ ಕೇಬಲ್ ಬಂದ ಕಾಲದಲ್ಲಿ ಕೇಬಲ್ಲಿನವನು ತನ್ನ ಡಿಶ್ಶನ್ನು ಇವರ ಕಟ್ಟಡದ ಗಚ್ಚಿಯ ಮೇಲೆಯೇ ನಿಲ್ಲಿಸಿದ್ದ. ಅದು ಹೇಗೋ ಏನೋ, ಬೇಕಾದ ಚಾನೆಲ್ಲುಗಳ ಜೊತೆಗೆ ಒಂದು ಬೇಡವಾದದ್ದೂ ಬರತೊಡಗಿತು. ಸಮುದ್ರದಾಚೆಯ ಯಾವುದೋ ಪುಟ್ಟ ದೇಶದ ಸರಕಾರಿ ಟಿ.ವಿ. ಭಾಷೆ ಯಾರಿಗೂ ತಿಳಿಯದು. ದಿನವಿಡೀ ಮೀನುಗಾರರು, ಮಂತ್ರಿಗಳು, ಕೋಟು ಹಾಕಿದ ವಾರ್ತೆಯವರು. ಸೊಸೈಟಿಯವರು ತೆಗೆಯಪ್ಪಾ ಅಂದರು. ಕೇಬಲ್ಲಿನವನು “ಹೇ ಕೋಣ್ ಬಘತಂ?” ಎಂದು ತಂತಿ ಕೀಳಲು ಬಂದ. ಇದನ್ನು ಯಾರು ನೋಡುತ್ತಾರೆ, ಎಂದು.

“ಮೀ ಬಘತೋ,” ಎಂದರು ಮಾಮಾ. ನಾನು ನೋಡುತ್ತೇನೆ!

ಯಾಕೆಂದರೆ ಆ ಚಾನೆಲ್ಲಿನ ಮೂಲೆಯಲ್ಲಿ ಒಂದು ಹಕ್ಕಿ ಇತ್ತು. ರೆಕ್ಕೆ ಮಡಚಿ ಕೂತ ಸಣ್ಣ ಬಿಳಿ ಹಕ್ಕಿ. ನಮ್ಮವರ ಶಿಕ್ಕಾಗಳು ಹಾಕಿದಲ್ಲಿ ಹಾಕಿದ ಹಾಗೆ ಬಿದ್ದಿರುತ್ತಿದ್ದವು. ಈ ಹಕ್ಕಿ ಹಾಗಲ್ಲ, ಸಂಸಾರವಂತ ಹಕ್ಕಿ! ಅವರ ಹೊಸ ವರ್ಷಕ್ಕೆ ಕೊಕ್ಕಿನಲ್ಲಿ ಹೂವು ಹಿಡಿಯುತ್ತಿತ್ತು. ಸುಗ್ಗಿಯಲ್ಲಿ ತೆನೆ. ಆಟೋಟದ ದಿನಗಳಲ್ಲಿ ಅದರ ಕಾಲ ಹತ್ತಿರ ಒಂದು ಚೆಂಡು. ಮಾಮಾ ಆಗ ತಾನೆ ಕೊಂಡಿದ್ದ ವಿ.ಸಿ.ಆರ್.ನಲ್ಲಿ ಎಲ್ಲವನ್ನೂ ಹಿಡಿದಿಡತೊಡಗಿದರು. ಲೋಕವೆಲ್ಲ ಮದುವೆಯ ಕ್ಯಾಸೆಟ್ ಮಾಡಿಸುತ್ತಿದ್ದಾಗ ನಮ್ಮ ಮಾಮಾರ ಕಪಾಟಿನಲ್ಲಿ ತುಂಬಿದ್ದು ಹಕ್ಕಿ, ಹಕ್ಕಿ, ಹಕ್ಕಿ. ನೋಡುವಾಗ ಟಿ.ವಿ.ಯ ದನಿ ಪೂರ್ತಿ ಬಂದ್. “ಮೂಲಿಗೆ ದನಿ ಯಾಕ ಬೇಕು?” ಎಂಬುದು ಅವರ ವಾದ.

ಒಂದು ಯುಗಾದಿಗೆ ಮಾಮಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾರೆ, ಮಾಮಾ ಮುಖ ಸಪ್ಪೆ ಮಾಡಿಕೊಂಡು ಬಂದರು.

“ಇವತ್ತ ಸಿಹಿ ಬ್ಯಾಡ.”

“ಯಾಕ್ರೀ? ಏನಾತು?”

“ಯಾರೋ ದೊಡ್ಡವರು ಹೋಗ್ಯಾರ.”

“ಅಯ್ಯ! ಯಾರು?”

“ಅದು ಗೊತ್ತಿಲ್ಲ. ಹಕ್ಕಿ ಕುತ್ತಿಗಿಗೆ ಕಪ್ಪು ಪಟ್ಟಿ ಕಟ್ಯಾರ.”

ಮಾಮಿ ಹೂರಣದ ಕೈಯನ್ನೇ ಸೊಂಟದ ಮೇಲಿಟ್ಟುಕೊಂಡು ಗಂಡನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹೋಳಿಗೆ ಮಾಡಿಯೇ ಮಾಡಿದರು. ಮಾಮಾ ತಿಂದೂ ತಿಂದರು. ಆದರೆ ಸತ್ತವರ ಗೌರವಕ್ಕಾಗಿ ತುಪ್ಪ ಹಾಕಿಕೊಳ್ಳದೆ ತಿಂದರು!

ಅವರ ದೊಡ್ಡ ಸಂಶೋಧನೆ ಮಾತ್ರ ಬೇರೆಯೇ. ಒಂದು ವರ್ಷ ಆ ಹಕ್ಕಿ ಬಲಕ್ಕೆ ವಾಲತೊಡಗಿತು. ಬೆಳಿಗ್ಗೆ ನೆಟ್ಟಗೆ, ಮಧ್ಯಾಹ್ನ ನೆಟ್ಟಗೆ, ಸಂಜೆಯ ವಾರ್ತೆಗೆ ಮಾತ್ರ ಒಂಚೂರು ಬಲಕ್ಕೆ. ನಿಮಗಾಗಲಿ ನನಗಾಗಲಿ ಕಾಣದಷ್ಟು. ಮಾಮಾರಿಗೆ ಕಂಡಿತು. ಕಂಡದ್ದಷ್ಟೇ ಅಲ್ಲ, ಅರ್ಥವೂ ಆಯಿತು! ಆ ದೇಶ ತನ್ನ ವಿದೇಶ ನೀತಿ ಬದಲಿಸುತ್ತಿದೆ, ನೇರ ಹೇಳಲು ಅಂಜಿಕೆ, ಅದಕ್ಕೇ ಹಕ್ಕಿಯ ಮೂಲಕ ಬಲಗಡೆಯ ರಾಷ್ಟ್ರಗಳಿಗೆ ಸನ್ನೆ ಮಾಡುತ್ತಿದೆ. ಯಾರದೇ ಮದುವೆ ಮುಂಜಿಗೆ ಹೋದರೂ ಊಟದ ಪಂಕ್ತಿಯಲ್ಲಿ ಮಾಮಾರ ಪಕ್ಕ ಕೂತವನಿಗೆ ಕೊನೆಯ ಮಸಾಲೆ ಮಜ್ಜಿಗೆ, ಮಠ್ಠಾ, ಬರುವುದರೊಳಗೆ ಈ ರಹಸ್ಯ ಗೊತ್ತಾಗಿರುತ್ತಿತ್ತು. ಬುದ್ಧಿವಂತರು ಮಠ್ಠಾ ಬಿಟ್ಟೇ ಏಳುತ್ತಿದ್ದರು.

ಕೆಲವು ವರ್ಷಗಳ ನಂತರ ಒಂದು ಸಂಜೆ ಆ ಚಾನೆಲ್ ನೀಲಿಯಾಯಿತು. ಹಕ್ಕಿ ಇಲ್ಲ, ಏನೂ ಇಲ್ಲ, ಬರೀ ನೀಲಿ. ಮಾಮಾ ಗಚ್ಚಿಗೆ ಓಡಿ, ಒಣಹಾಕಿದ್ದ ಸಂಡಿಗೆಗಳ ನಡುವೆ ಕಾಲಿಡುತ್ತ, ಡಿಶ್ಶನ್ನು ಆಚೆ ಈಚೆ ತಿರುಗಿಸಿದರು. ಕೆಳಗೆ ಸೊಸೈಟಿಗೆ ಸೊಸೈಟಿಯೇ ಧಾರಾವಾಹಿ ಕಳೆದುಕೊಂಡು ಬೊಬ್ಬೆ ಹೊಡೆಯಿತು. ಮರುದಿನ ಕೇಬಲ್ಲಿನವನು ವಿಚಾರಿಸಿ ಬಂದು ಹೇಳಿದ. ಆ ದೇಶದಲ್ಲಿ ಸರಕಾರ ಬದಲಾಗಿತ್ತು, ಹೊಸಬರು ಸರಕಾರಿ ಟಿ.ವಿ.ಯನ್ನೇ ಮುಚ್ಚಿದ್ದರು.

ಮಾಮಾ ಆ ವಾರವಿಡೀ ಆ ಬರೀ ನೀಲಿಯನ್ನೇ ಹಾಕಿಕೊಂಡು ಕೂತರು. ಮಾಮಿ ಅವರನ್ನು ಗೇಲಿ ಮಾಡಲು ಬಾಯಿ ತೆರೆದವರು ಯಾಕೋ ಮುಚ್ಚಿಕೊಂಡರು. “ಇರ್ಲಿ ಬಿಡು, ಅವರಿಗೆ ಬ್ಯಾಸರ ಆಗೇದ” ಎಂದು ನನಗೂ ಕಣ್ಣಿನಲ್ಲೇ ಹೇಳಿದರು.

ಇದೆಲ್ಲ ಹಳೆಯ ಮಾತು. ಈಗಿನ ಮಾತೆಂದರೆ, ನಮ್ಮ ಕೋಥರೂಡದಲ್ಲಿ ಎಲ್ಲಿ ನೋಡಿದರೂ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಗದ್ದಲ. ಮಾಮಾರ ಸೊಸೈಟಿಯ ಸರದಿಯೂ ಬಂತು. ಎಲ್ಲರೂ ಮನೆ ಖಾಲಿ ಮಾಡಿ, ಹೊಸ ಕಟ್ಟಡ ಏಳುವವರೆಗೆ ಬಾಡಿಗೆ ಮನೆಯಲ್ಲಿರಬೇಕು. ಸಿಕ್ಕ ಬಾಡಿಗೆ ಮನೆಯೋ ಬೆಂಕಿಪೊಟ್ಟಣ.

“ನಾನರ ಬರ್ತೀನಿ, ಇಲ್ಲಾ ನಿಮ್ಮ ಹಕ್ಕಿನರ ಬರ್ತಾವ,” ಎಂದರು ಮಾಮಿ. “ಇಬ್ಬರಿಗೂ ಅಲ್ಲಿ ಜಾಗಾ ಇಲ್ಲ.”

ಮಾಮಾ ಬಹಳ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಯೋಚಿಸಿದ್ದಕ್ಕೇ ಮಾಮಿ ಎರಡು ದಿನ ಮಾತು ಬಿಟ್ಟರು!

ಕ್ಯಾಸೆಟ್ಟುಗಳನ್ನು ಯಾರಿಗಾದರೂ ಕೊಡಬೇಕು. ಯಾರಿಗೆ? ಒಂದು ಗ್ರಂಥಾಲಯದವರು ನಯವಾಗಿ ನಕ್ಕರು. ಒಂದು ಸಂಗ್ರಹಾಲಯದವರು ನಯವಿಲ್ಲದೆ ನಕ್ಕರು. ರದ್ದಿಯವನು ಕ್ಯಾಸೆಟ್ ಮೂಸಿ ನೋಡಿ, ಬೂಸು ಹಿಡಿದಿದೆ ಎಂದು ವಾಪಸು ಇಟ್ಟ. ಆಗ ಮಾಮಾರಿಗೆ ಹೊಳೆಯಿತು. ಪುಣೆಯಲ್ಲಿ ಕಲಿಯಲು ದೇಶದೇಶದ ಹುಡುಗರು ಬರುತ್ತಾರೆ, ಆ ದೇಶದವರೂ ಯಾರಾದರೂ ಇರಲೇಬೇಕಲ್ಲ? ಅವರ ಹಕ್ಕಿಯನ್ನು ಅವರಿಗೇ ಒಪ್ಪಿಸಿದರಾಯಿತು. ಹಾಗೇ ಆ ವಾಲುವಿಕೆಯ ಗುಟ್ಟನ್ನೂ ಕೇಳಿ ಖಾತ್ರಿ ಮಾಡಿಕೊಂಡರಾಯಿತು.

ಹೇಗೆ ಹುಡುಕಿದರು ಗೊತ್ತೆ? ದಪ್ಪ ರಟ್ಟಿನ ಮೇಲೆ ಆ ಹಕ್ಕಿಯನ್ನು ದೊಡ್ಡದಾಗಿ ಬರೆದು, ಎದೆಗೆ ಹಿಡಿದುಕೊಂಡು ಕಾಲೇಜಿನ ಗೇಟಿನ ಎದುರು ನಿಂತರು! ವಿಮಾನ ನಿಲ್ದಾಣದಲ್ಲಿ ಗಿರಾಕಿಯ ಹೆಸರು ಹಿಡಿದು ನಿಲ್ಲುತ್ತಾರಲ್ಲ, ಹಾಗೆ. ಒಬ್ಬ ಹುಡುಗ ಹೊಸ ಕೋಳಿ ಹೋಟೆಲ್ಲಿನ ಜಾಹೀರಾತೆಂದು ತಿಳಿದು ಬಿರಿಯಾನಿ ಎಲ್ಲಿ ಸಿಗುತ್ತದೆಂದು ಕೇಳಿದ. ಅಪ್ಪಟ ವೈಷ್ಣವರಾದ ಮಾಮಾ ಬೆವತುಹೋದರು. ಕಾವಲುಗಾರ ಬಂದು ಯಾವ ಪಕ್ಷ, ಯಾವ ಚುನಾವಣೆ ಎಂದು ವಿಚಾರಣೆ ಮಾಡಿದ. ನನಗೆ ಫೋನು ಬಂತು. ಮಗರಪಟ್ಟಾದಿಂದ ಓಡಿ ಬಂದೆ.

“ಮಾಮಾ, ಮನೀಗೆ ನಡೀರಿ. ಮಂದಿ ನಗ್ತಾರ.”

“ನಗಲೆವಾ. ನಗಬೇಕಂದ್ರ ಮದಲ ನೋಡ್ಬೇಕಲ್ಲಾ? ನೋಡಿದ್ರ ಸಾಕು.”

ಇನ್ನೊಂದು ದಿನ, ಮತ್ತೊಂದು ಗೇಟು. ಈ ಸಲ ನಾನೂ ಜೊತೆಗೆ ನಿಂತೆ, ಸ್ವಲ್ಪ ದೂರದಲ್ಲಿ, ಸಂಬಂಧವಿಲ್ಲದವಳಂತೆ. ಗೆಳತಿಯರ ಜೊತೆ ನಗುತ್ತ ಬರುತ್ತಿದ್ದ ಒಬ್ಬಳು ಹುಡುಗಿ ಸರಕ್ಕನೆ ನಿಂತಳು. ರಟ್ಟನ್ನು ನೋಡಿದಳು. ಮಾಮಾರನ್ನು ನೋಡಿದಳು. ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದಳು. “ಇದು ನಿಮಗೆಲ್ಲಿ ಸಿಕ್ಕಿತು? ಇದು ನನ್ನ ಅಪ್ಪನ ಹಕ್ಕಿ.”

ಅವಳ ಹೆಸರು ಮರಿಯಂ. ಅವಳ ಅಪ್ಪ ಆ ಟಿ.ವಿ.ಯಲ್ಲಿ ಚಿತ್ರಗಾರರಾಗಿದ್ದರಂತೆ. ಮುಚ್ಚಿದ ಮೇಲೆ ದೇಶ ಬಿಟ್ಟು, ಇನ್ನೊಂದು ದೇಶದಲ್ಲಿ ಅಂಗಡಿಗಳ ಬೋರ್ಡು ಬರೆದು ಬದುಕಿದವರು. ಅವಳು ಹುಟ್ಟಿದ್ದು ಅಲ್ಲೇ. ಆ ಹಕ್ಕಿಯನ್ನು ಅವಳು ಕಂಡದ್ದು ಅಪ್ಪ ಚಹಾ ಕುಡಿಯುವ ಒಂದು ಹಳೆಯ ಮಗ್ಗಿನ ಮೇಲೆ ಮಾತ್ರ.

ಮಾಮಾ ರಟ್ಟನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಹಕ್ಕಿಯನ್ನು ಹೊಸದಾಗಿ ನೋಡಿದರು. ಹಕ್ಕಿಗೆ ಅಪ್ಪ ಇದ್ದಾನೆಂದು ಅವರಿಗೆ ಹೊಳೆದೇ ಇರಲಿಲ್ಲವೇನೋ!

ಭಾನುವಾರ ಮಧ್ಯಾಹ್ನ ಮರಿಯಂ ಮನೆಗೆ ಬಂದಳು. ಅರ್ಧ ಸಾಮಾನು ಗಂಟು ಕಟ್ಟಿತ್ತು. ಮಾಮಿ ಹಕ್ಕಿಗಳ ಮೇಲಿನ ಸಿಟ್ಟನ್ನೂ ಮರೆತು ಧಾರವಾಡ ಫೇಡೆ, ಅವಲಕ್ಕಿ, ಚಹಾ ಎಲ್ಲ ಒಟ್ಟಿಗೆ ತಂದಿಟ್ಟು, “ಖಾ ಬೇಟಾ, ಖಾ” ಎಂದು ಕೂಡಿಸಿದರು. ಮಾಮಾ ಹಳೆಯ ಡಬ್ಬಿ ಟಿ.ವಿ. ಒರೆಸಿ, ವಿ.ಸಿ.ಆರ್. ಜೋಡಿಸಿ, ತೋರಿಸಲು ಕೋಲು ಬೇಕೆಂದು ಮಾಮಿಯ ಹೆಣಿಗೆಯ ಸೂಜಿ ಕೈಯಲ್ಲಿ ಹಿಡಿದು ಮಾಸ್ತರರಂತೆ ನಿಂತಿದ್ದರು. ಮರಿಯಂ ಫೋನಿನಲ್ಲಿ ಅಪ್ಪನಿಗೆ ವಿಡಿಯೋ ಕರೆ ಮಾಡಿ, ಫೋನಿನ ಹಿಂಬದಿಯ ಕ್ಯಾಮೆರಾ ಟಿ.ವಿ.ಯ ಕಡೆ ಇರುವಂತೆ ಹಿಡಿದಳು. ಅತ್ತ ಒಬ್ಬ ನೆರೆಗಡ್ಡದ ಮನುಷ್ಯ, ಬೆರಳುಗಳಿಗೆ ಬಣ್ಣ.

ಹೂವಿನ ಹಕ್ಕಿ, ತೆನೆಯ ಹಕ್ಕಿ, ಚೆಂಡಿನ ಹಕ್ಕಿ ಒಂದೊಂದಾಗಿ ಬಂದವು. ಆತ ಒಂದೊಂದಕ್ಕೂ ಮಗುವಿನಂತೆ ಚಪ್ಪಾಳೆ ತಟ್ಟಿದ. ಇದನ್ನೆಲ್ಲ ಯಾರೋ ಗಮನಿಸುತ್ತಿದ್ದರೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಮರಿಯಂಳ ಬಾಯಿಂದ ಹೇಳಿಸಿದ. ಮಾಮಾರ ಎದೆ ಎರಡು ಬೆರಳು ಉಬ್ಬಿತು. ಗಂಟಲು ಸರಿಮಾಡಿಕೊಂಡು ಆ ಪ್ರಶ್ನೆ ಕೇಳಿಯೇ ಬಿಟ್ಟರು. ಸಂಜೆಯ ವಾರ್ತೆಗೆ ಮಾತ್ರ ಹಕ್ಕಿ ಬಲಕ್ಕೆ ವಾಲುತ್ತಿತ್ತಲ್ಲ, ಅದು ನಿಮ್ಮ ಸರಕಾರದ ವಿದೇಶ ನೀತಿಯೇ?

ಮರಿಯಂ ಅನುವಾದ ಮಾಡಿದಳು. ಆತ ಎಷ್ಟು ನಕ್ಕನೆಂದರೆ ಅವನ ಫೋನು ಕೈಜಾರಿ, ನಮಗೆ ಸ್ವಲ್ಪ ಹೊತ್ತು ಅವನ ಮನೆಯ ಫ್ಯಾನು ಮಾತ್ರ ಕಂಡಿತು. ಮತ್ತೆ ಮುಖ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದ.

ಆ ಕಾಲದಲ್ಲಿ ಕಂಪ್ಯೂಟರು ಎಲ್ಲಿತ್ತು? ಹಕ್ಕಿಯನ್ನು ಕಾರ್ಡಿನ ಮೇಲೆ ಬರೆದು, ಸ್ಟುಡಿಯೋದ ಒಂದು ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ, ಅದಕ್ಕೇ ಒಂದು ಬೇರೆ ಕ್ಯಾಮೆರಾ ಹಚ್ಚುತ್ತಿದ್ದರಂತೆ. ಕಾರ್ಡು ನೆಟ್ಟಗೆ ನಿಲ್ಲಿಸುವುದು ಈತನ ಕೆಲಸ. ಸಂಜೆ ವಾರ್ತೆಯ ಹೊತ್ತಿಗೆ ಕಾರ್ಡು ಸಿಕ್ಕಿಸುವಾಗ ಮಾತ್ರ ಕೈ ಇತ್ತ ಇರುತ್ತಿತ್ತು, ಕಣ್ಣು ಅತ್ತ.

“ಕಣ್ಣು ಎತ್ತ?” ಎಂದರು ಮಾಮಾ, ವಿದೇಶ ನೀತಿ ಕೈಬಿಡಲು ಮನಸ್ಸಿಲ್ಲದೆ. ಉತ್ತರಕ್ಕೂ ಕಾಯದೆ ಆ ವರ್ಷದ ಕ್ಯಾಸೆಟ್ ಹಾಕಿ, ಸೂಜಿಯ ತುದಿಯನ್ನು ಮೇಲ್ಮೂಲೆಗೆ ಒತ್ತಿದರು. “ನೋಡ್ರಿ ಇಲ್ಲೆ. ನೋಡ್ರಿ, ಎಷ್ಟು ವಾಲೇದ!”

ಆತನ ಮುಖ ಫೋನಿಗೆ ಇನ್ನಷ್ಟು ಹತ್ತಿರ ಬಂತು.

“ಇಲ್ಲೆ ಬಲಗಡೆ, ಮ್ಯಾಲೆ...” ಮಾಮಾ ಇನ್ನೊಮ್ಮೆ ಸೂಜಿಯಿಂದ ಕುಟ್ಟಿದರು.

ಆತ ಮೇಲೆ ನೋಡುತ್ತಿರಲಿಲ್ಲ. ಮರಿಯಂಳೂ ನೋಡುತ್ತಿರಲಿಲ್ಲ. ಫೋನನ್ನು ಅವಳು ಟಿ.ವಿ.ಯ ತೀರ ಹತ್ತಿರಕ್ಕೆ ಒಯ್ದಳು. ಪರದೆಯ ನಡುವೆ ಬೂದು ಕೋಟಿನ ಒಬ್ಬ ಯುವತಿ ಕಾಗದ ಹಿಡಿದು ವಾರ್ತೆ ಓದುತ್ತಿದ್ದಳು.

“ಅಂಕಲ್,” ಎಂದಳು ಮರಿಯಂ, “ಅದು ನನ್ನ ಅಮ್ಮ.”

ಅವಳಿಗೆ ಮಾತು ಬರುವ ಮೊದಲೇ ತಾಯಿ ತೀರಿಕೊಂಡಿದ್ದರಂತೆ. ದೇಶ ಬಿಟ್ಟು ಬರುವಾಗ ತಂದ ಒಂದು ಫೋಟೋ ಬಿಟ್ಟರೆ ಬೇರೇನೂ ಇಲ್ಲ. ಅವಳು ಮಾಮಾರ ಕಡೆ ತಿರುಗಿ ಬಹಳ ಮೆಲ್ಲಗೆ, ಕೇಳಬಹುದೋ ಇಲ್ಲವೋ ಎಂಬಂತೆ ಕೇಳಿದಳು. “ಇದಕ್ಕೆ ಧ್ವನಿ ಇದೆಯೆ?”

ಮಾಮಾ ಗಡಬಡಿಸಿ ಟಿ.ವಿ.ಯ ಗುಂಡಿಗೆ ಕೈ ಹಾಕಿದರು. ವರ್ಷಗಟ್ಟಲೆ ತಿರುಗಿಸದ ಗುಂಡಿ, ಜಂಗು ಹಿಡಿದಿತ್ತು. ಮಾಮಿ ಅಡಿಗೆಮನೆಗೆ ಓಡಿ ಇಕ್ಕಳ ತಂದು, “ಸರೀರಿ ಅತ್ಲಾಗ” ಎಂದು ಗಂಡನನ್ನು ಬದಿಗೆ ದೂಡಿ, ಗುಂಡಿಯನ್ನು ಹಿಡಿದು ಒಂದೇ ಸಲಕ್ಕೆ ತಿರುವಿದರು.

ದನಿ ಬಂತು. ಗರಗರ ಸದ್ದಿನೊಳಗಿಂದ, ಸ್ವಲ್ಪ ಒಡಕು, ಸ್ವಲ್ಪ ಅವಸರ. ಓದುತ್ತ ಓದುತ್ತ ನಡುವೆ ಒಂದು ಸಣ್ಣ ಕೆಮ್ಮು. ಆಕೆ ಏನು ಓದುತ್ತಿದ್ದಳೆಂದು ನಾನು ಆಮೇಲೆ ಮರಿಯಂಳನ್ನು ಕೇಳಿದೆ. ಮೀನಿನ ದರ, ನಾಳೆ ಬೀಸುವ ಗಾಳಿ ಎಂದಳು.

ಮಾಮಾ ಸೂಜಿಯನ್ನು ಮಾಮಿಯ ಕೈಗೆ ಕೊಟ್ಟು, ಟಿ.ವಿ.ಗೆ ಅಡ್ಡವಾಗದಂತೆ ನೆಲದ ಮೇಲೆ ಕೂತರು. ಕೂತು, ಆ ಹೆಣ್ಣುಮಗಳ ಮುಖವನ್ನು ನೋಡಿದರು. ವಾರ್ತೆ ಮುಗಿಯುವವರೆಗೂ ನೋಡಿದರು.

“ಎಷ್ಟು ವರ್ಷ ಈಕಿ ದಿನಾ ಸಂಜೀಗೆ ನಮ್ಮ ಮನೀಗೆ ಬಂದು ಹೋಗ್ಯಾಳ,” ಎಂದು ನನ್ನ ಕಿವಿಯ ಹತ್ತಿರ ಹೇಳಿದರು. “ನಾ ಒಮ್ಮೆನೂ ‘ಬಾರವಾ’ ಅನಲಿಲ್ಲ.”

ಕ್ಯಾಸೆಟ್ಟುಗಳೆಲ್ಲ ಮರಿಯಂಳ ಜೊತೆ ಹೋದವು. ಅವಳೂ ಗೆಳತಿಯರೂ ಅವನ್ನು ಒರೆಸಿ, ಬೂಸು ತೆಗೆಸಿ, ಕಂಪ್ಯೂಟರಿಗೆ ಇಳಿಸಿ ಅಪ್ಪನಿಗೆ ಕಳಿಸಿದರು. ಆತ ಈಗ ದಿನಾ ಸಂಜೆ ವಾರ್ತೆ ಕೇಳುತ್ತಾನಂತೆ. ವಿದೇಶ ನೀತಿಯ ಬಗ್ಗೆ ಮಾಮಾ ಮತ್ತೆ ಯಾವ ಪಂಕ್ತಿಯಲ್ಲೂ ಬಾಯಿ ಬಿಡಲಿಲ್ಲ.

ಮಾಮಾ ಮಾಮಿ ಬಾಡಿಗೆ ಮನೆಗೆ ಬಂದು ಈಗ ಒಂದಷ್ಟು ತಿಂಗಳಾಯಿತು. ಮೊನ್ನೆ ಹೋದಾಗ ಮಾಮಿ ಮೆಂತ್ಯದ ಸೊಪ್ಪು ಬಿಡಿಸುತ್ತ ತಮ್ಮ ಮರಾಠಿ ಧಾರಾವಾಹಿ ನೋಡುತ್ತಿದ್ದರು. ಮಾಮಾ ಪಕ್ಕದ ಕುರ್ಚಿಯಲ್ಲಿ. ನಾನು ಚಪ್ಪಲಿ ಬಿಡುತ್ತಿದ್ದೆ, ಮಾಮಾ ಕೇಳಿದರು.

“ಅಲ್ಲಾ, ಈಕಿ ಯಾಕ ಅಳ್ಲಿಕ್ಕತ್ತಾಳ?”

ಮಾಮಿಯ ಕೈ ನಿಂತಿತು. “ಯಾರು?”

“ಅಕಿ. ಹಸರು ಸೀರೀಯಾಕಿ.”

ಮಾಮಿ ಟಿ.ವಿ. ನೋಡಿದರು, ಗಂಡನನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನೂ ನೋಡಿದರು.

“ಅದು ಭಾಳ ದೊಡ್ಡ ಕಥಿ ಅದರೀ” ಎಂದರು.

“ಇರ್ಲಿ, ಹೇಳು. ನನಗೇನು ಅವಸರ?”

ಮಾಮಿ ಸೊಪ್ಪಿನ ಬುಟ್ಟಿ ಬದಿಗೆ ಸರಿಸಿದರು. ಸೆರಗಿಗೆ ಕೈ ಒರೆಸಿಕೊಂಡು, ಟಿ.ವಿ. ಆರಿಸಿ, ಮಾಮಾರ ಕಡೆ ತಿರುಗಿ ಕೂತರು. ನಾನು ಸದ್ದಿಲ್ಲದೆ ಚಹಾ ಇಡಲು ಒಳಗೆ ಹೋದೆ.